ಮಾತು ಬಿಟ್ಟವರ ಕೂಡುವ ಲೆಕ್ಕ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ನಮ್ಮ ಕುಂದಲಹಳ್ಳಿ ಮನೆಗೆ ಬಂದು, "ಮೇಡಂ, ಗಣಿತ ತುಂಬಾ ಚೆನ್ನಾಗಿರಬೇಕಾ?" ಎಂದು ಕೇಳುತ್ತಾರೆ. ಗಣಿತ ಇರಲಿ ಬಿಡಿ, ಅದಕ್ಕೆ ಕಂಪ್ಯೂಟರ್ ಇದೆ. ನೀವು ಹೋದ ಕಡೆ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾತಕ್ಕೆ ಬಿಟ್ಟಿದ್ದಾರೆ, ಮತ್ತೆ ಯಾವಾಗ ಒಂದಾಗಬಹುದು, ಇಷ್ಟನ್ನು ಮೊದಲು ವಿಚಾರಿಸಿಕೊಳ್ಳಿ ಎನ್ನುತ್ತೇನೆ. ಅವರು ನಗುತ್ತಾರೆ. ಪೀಣ್ಯಕ್ಕೆ ಹೋಗುವ ಮೊದಲು ನಾನೂ ನಗುತ್ತಿದ್ದೆ.

ನನ್ನ ಹೆಸರು ಶ್ಯಾಮಲಾ. ಪಟ್ಟಂದೂರು ಅಗ್ರಹಾರದ ಪಕ್ಕದ ಟೆಕ್ ಪಾರ್ಕಿನ ಒಂದು ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಒಬ್ಬರನ್ನೊಬ್ಬರು ನಂಬದ ಜನ ತಂತಮ್ಮ ಗುಟ್ಟು ಬಿಟ್ಟುಕೊಡದೆ ಒಟ್ಟಿಗೆ ಒಂದು ಲೆಕ್ಕ ಮಾಡಿಕೊಳ್ಳಬೇಕಾದಾಗ ಬಳಸುವ ಸಾಫ್ಟ್‌ವೇರನ್ನು ನಮ್ಮ ಕಂಪನಿ ಮಾಡುತ್ತಿತ್ತು. ಅದನ್ನು ಗಿರಾಕಿಗಳ ಜಾಗಕ್ಕೆ ಹೋಗಿ ಹಾಕಿಕೊಟ್ಟು, ಅವರಿಗೆ ಅರ್ಥ ಮಾಡಿಸಿ ಬರುವುದು ನನ್ನ ಕೆಲಸ. ಅರ್ಥ ಮಾಡಿಸುವವಳಿಗೇ ಬಹಳ ಕಾಲ ಅರ್ಥವಾಗಿರಲಿಲ್ಲ ಎಂಬುದು ಬೇರೆ ಮಾತು.

ಮೊದಲ ಸಲ ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಬಾಸ್ ವೆಂಕಟ್. ಒಳ್ಳೆಯ ಮನುಷ್ಯ, ಆದರೆ ಬೋರ್ಡಿನ ಮೇಲೆ ಬರೆಯಲು ಶುರು ಮಾಡಿದರೆ ಎದುರಿಗೆ ಜನ ಇದ್ದಾರೆ ಎಂಬುದೇ ಮರೆತು ಹೋಗುತ್ತಿತ್ತು. ಎರಡು ಗಂಟೆ ಪಾಠ ಕೇಳಿ ಹೊರಗೆ ಬಂದಾಗ ನನ್ನ ತಲೆ ಗಿರ್ರ್ ಎನ್ನುತ್ತಿತ್ತು. ನಂಬರ್ ಹೇಳದೆ ಕೂಡುವುದು ಹೇಗೆ ಸ್ವಾಮಿ? ತರಕಾರಿ ತೋರಿಸದೆ ತಕ್ಕಡಿಗೆ ಹಾಕಿದ ಹಾಗಾಯಿತಲ್ಲ! ಕೊನೆಗೆ ಕ್ಯಾಂಟೀನಿನಲ್ಲಿ ಕೂತು ಅವರೇ ಬಿಡಿಸಿ ಹೇಳಿದರು.

"ನೋಡಿ ಶ್ಯಾಮಲಾ, ನಿಮ್ಮ ಗುಟ್ಟಿನ ನಂಬರ್ ನಲವತ್ತು ಅಂದ್ಕೊಳಿ. ಅದನ್ನ ಮನಸ್ಸಿಗೆ ಬಂದಂಗೆ ಮೂರು ತುಂಡು ಮಾಡಿ. ನೂರು, ಹತ್ತು, ಮೈನಸ್ ಎಪ್ಪತ್ತು. ಕೂಡಿದ್ರೆ ನಲವತ್ತೇ ತಾನೆ? ಒಂದು ತುಂಡು ನೀವಿಟ್ಕೊಳಿ, ಇನ್ನೆರಡನ್ನ ಇನ್ನಿಬ್ರಿಗೆ ಒಂದೊಂದು ಕೊಡಿ. ಅವ್ರೂ ತಮ್ಮ ನಂಬರ್‌ನ ಹಂಗೇ ಒಡೆದು ಹಂಚಲಿ. ಆಮೇಲೆ ಪ್ರತಿಯೊಬ್ರೂ ಕೈಲಿರೋ ತುಂಡುಗಳನ್ನ ಕೂಡಿ ಬಾಯ್ಬಿಟ್ಟು ಹೇಳಲಿ. ಆ ಮೂರನ್ನ ಕೂಡಿದ್ರೆ ಎಲ್ಲರದ್ದೂ ಸೇರಿ ಒಟ್ಟು ಬಂತು. ಯಾರ ನಂಬರ್ ಎಷ್ಟು ಅಂತ ಯಾರಿಗೂ ಗೊತ್ತಾಗಲಿಲ್ಲ."

ಮನೆಗೆ ಬಂದು ಇದನ್ನು ಹಬ್ಬದ ದಿನ ಪರೀಕ್ಷೆ ಮಾಡಿದೆ. ಸಕ್ಕರೆ ಕಾಯಿಲೆಯ ನಮ್ಮ ಅತ್ತೆ, ನಮ್ಮ ಯಜಮಾನರು, ನಾನು. ಯಾರು ಎಷ್ಟು ಹೋಳಿಗೆ ತಿಂದೆವು ಎಂದು ಹೇಳದೆ ಒಟ್ಟು ಕಂಡುಹಿಡಿಯಬೇಕು. ಚೀಟಿ ಹಂಚುವ ಮೊದಲೇ ಅತ್ತೆ, "ನಾನು ತಿಂದಿದ್ದು ಒಂದೇ ಕಣೇ, ಅದಕ್ಕೆ ಇಷ್ಟೆಲ್ಲ ರಾಮಾಯಣ ಯಾಕೆ?" ಎಂದುಬಿಟ್ಟರು. ಅವರ ಒಂದನ್ನೂ ನಮ್ಮಿಬ್ಬರದನ್ನೂ ಕೂಡಿ ಡಬ್ಬಿಯಲ್ಲಿ ಉಳಿದದ್ದನ್ನು ನೋಡಿದರೆ ತಾಳೆಯಾಗಲಿಲ್ಲ. ನಾನು ಡಬ್ಬಿಯ ಮುಚ್ಚಳ ಹಾಕಿಟ್ಟೆ. ಸಾಫ್ಟ್‌ವೇರ್ ಗುಟ್ಟನ್ನು ಕಾಯುತ್ತದೆ, ಸುಳ್ಳನ್ನು ಹಿಡಿಯುವುದಿಲ್ಲ ಎಂದು ಅವತ್ತು ಗೊತ್ತಾಯಿತು.

ಮೊದಲ ದೊಡ್ಡ ಎಡವಟ್ಟು ವೆಂಕಟ್ ಅವರದೇ. ವೈಟ್‌ಫೀಲ್ಡಿನಲ್ಲಿ ಕಂಪನಿಗಳಿಗೆ ಕ್ಯಾಬ್ ಓಡಿಸುವ ಇಬ್ಬರು ಮಾಲೀಕರಿದ್ದರು. ಇಬ್ಬರದೂ ಸೇರಿ ಒಟ್ಟು ಎಷ್ಟು ಗಾಡಿ ಖಾಲಿ ನಿಂತಿವೆ ಎಂದು ಗೊತ್ತಾಗಬೇಕು, ಯಾರದೆಷ್ಟು ಎಂದು ಮಾತ್ರ ಗೊತ್ತಾಗಬಾರದು. ಸರಿ, ಸೂಟು ಬೂಟು ಹಾಕಿಕೊಂಡು ಹೋಗಿ ತೋರಿಸಿದೆವು. ಪರದೆಯ ಮೇಲೆ ಒಟ್ಟು ಐವತ್ತು ಎಂದು ಬಂತು. ಒಬ್ಬ ಮಾಲೀಕ ಬೆರಳು ಮಡಚಿ, "ಒಟ್ಟು ಐವತ್ತು, ನಂದು ಇಪ್ಪತ್ತು. ಹಂಗಾದ್ರೆ ಗುರು, ನಿಂದು ಮೂವತ್ತು ಗಾಡಿ ಬಿಸ್ಲಲ್ಲಿ ಒಣಗ್ತಾ ಇದೆ!" ಎಂದು ಚಪ್ಪಾಳೆ ತಟ್ಟಿ ನಕ್ಕ. ಇನ್ನೊಬ್ಬ ಎದ್ದು ಹೋದ. ವೆಂಕಟ್ ಮುಖ ಇಷ್ಟಾಯಿತು. ಇಬ್ಬರೇ ಇರುವ ಕಡೆ ಒಟ್ಟು ತೋರಿಸಿದರೆ ಗುಟ್ಟೇ ಉಳಿಯುವುದಿಲ್ಲ, ಅದಕ್ಕೆ ಮೂರನೇ ಕ್ಲಾಸಿನ ಕಳೆಯುವ ಲೆಕ್ಕ ಸಾಕು. ವಾಪಸ್ ಬರುವಾಗ ಅವರು ಹೇಳಿದ್ದು ಒಂದೇ ಮಾತು: "ಇನ್ಮೇಲೆ ಮೂರು ಜನಕ್ಕಿಂತ ಕಡಿಮೆ ಇದ್ರೆ ಹೋಗೋದೇ ಬೇಡ."

ಹಾಗಾಗಿ ಪೀಣ್ಯದಿಂದ ಮೂರು ಜನ ಕರೆದಾಗ ನಮಗೆ ಹಬ್ಬ.

ಪೀಣ್ಯಕ್ಕೆ ನಾನು ಮೆಟ್ರೊದಲ್ಲಿ ಹೋಗುತ್ತಿದ್ದೆ. ಕುಂದಲಹಳ್ಳಿಯಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಪೀಣ್ಯದಲ್ಲಿ ಇಳಿದರೆ ಗಾಳಿಯ ವಾಸನೆಯೇ ಬೇರೆ. ಒಂದು ಓಣಿಯೊಳಗೆ ಅಕ್ಕಪಕ್ಕ ಮೂರು ಪ್ಲೇಟಿಂಗ್ ಶೆಡ್ಡುಗಳು. ಕಬ್ಬಿಣದ ಬ್ರಾಕೆಟ್ಟು, ಹಿಡಿಕೆ, ಕೊಕ್ಕೆಗಳನ್ನು ಬಫಿಂಗ್ ಚಕ್ರಕ್ಕೆ ಹಿಡಿದು ಉಜ್ಜಿ ನುಣುಪು ಮಾಡಿ, ಆಸಿಡ್ಡಿನಲ್ಲಿ ತೊಳೆದು, ನಿಕ್ಕಲ್ಲಿನ ಹೊಳಪು ಕೊಡುವ ಕೆಲಸ. ಒಂದು ಕಾಲಕ್ಕೆ ಅದು ಹೊಲವಂತೆ. ಹೊಲದ ಯಜಮಾನರೇ ಶೆಡ್ಡು ಕಟ್ಟಿ ಪ್ಲೇಟಿಂಗ್ ಕಲಿತು ಮಾಲೀಕರಾದರು. ಅವರು ತೀರಿಕೊಂಡ ಮೇಲೆ ಒಂದು ಶೆಡ್ಡು ದೊಡ್ಡ ಮಗ ರಾಮಚಂದ್ರಪ್ಪನವರಿಗೆ, ಇನ್ನೊಂದು ಚಿಕ್ಕ ಮಗ ಲೋಕೇಶನಿಗೆ ಬಂತು. ಮೂರನೆಯದು ಈರಣ್ಣನದು. ಕೊಪ್ಪಳದ ಕಡೆಯಿಂದ ಕೂಲಿಗೆ ಬಂದು, ಅದೇ ಯಜಮಾನರ ಕೈಕೆಳಗೆ ಬಫಿಂಗ್ ಮಾಡುತ್ತ ಕೆಲಸ ಕಲಿತು, ಅವರಿದ್ದಾಗಲೇ ಆ ಶೆಡ್ಡನ್ನು ಬಾಡಿಗೆಗೆ ಹಿಡಿದು ಸ್ವಂತಕ್ಕೆ ನಿಂತವನು.

ಮೂರು ಶೆಡ್ಡಿಗೂ ಹಿತ್ತಲಿನಲ್ಲಿ ಒಂದೇ ತೊಟ್ಟಿ. ತೊಳೆದ ಆಸಿಡ್ ನೀರೆಲ್ಲ ನೆಲದೊಳಗಿನ ಪೈಪಿನಲ್ಲಿ ಹರಿದು ಅಲ್ಲಿಗೆ ಬೀಳಬೇಕು, ವಾರಕ್ಕೊಮ್ಮೆ ಟ್ಯಾಂಕರ್ ಬಂದು ಶುದ್ಧೀಕರಣಕ್ಕೆ ಒಯ್ಯಬೇಕು. ಒಂದು ವಾರ ಮೂವರಿಗೂ ಕೆಲಸ ಜಾಸ್ತಿಯಾಗಿ ತೊಟ್ಟಿ ಉಕ್ಕಿ, ನೀರು ರಾಜಕಾಲುವೆಗೆ ಹೋಗಿ, ಅಧಿಕಾರಿಗಳು ಮೂರೂ ಶೆಡ್ಡಿನ ಕರೆಂಟು ಕಿತ್ತಿದ್ದರಂತೆ. ಮುಂದಿನ ವಾರ ಯಾರು ಎಷ್ಟು ನೀರು ಬಿಡುತ್ತೀರಿ ಎಂದು ಮೊದಲೇ ಕೂಡಿ ನೋಡಿಕೊಂಡರೆ ಈ ತೊಂದರೆ ಇಲ್ಲ. ಆದರೆ ಹೇಳುವವರು ಯಾರು? ಎಷ್ಟು ನೀರೋ ಅಷ್ಟು ಕೆಲಸ ಬಂದಿದೆ ಎಂದೇ ಅರ್ಥ. ಮೀಟರ್ ಹಾಕೋಣ ಎಂದರೆ, ಮೀಟರ್ ಓದುವವನನ್ನು ನಂಬುವವರು ಯಾರು?

ಇನ್ನೊಂದು ವಿಷಯ ನಾನು ಹೋದ ಮೊದಲ ದಿನವೇ ಕಣ್ಣಿಗೆ ಬಿತ್ತು. ಅಣ್ಣ ತಮ್ಮ ಇಬ್ಬರೂ ಒಂದು ಮಾರು ದೂರದಲ್ಲಿ ನಿಂತಿದ್ದಾರೆ, ನಡುವೆ ಈರಣ್ಣ.

"ಈರಣ್ಣ, ಆಯಪ್ಪಂಗೆ ಹೇಳು, ಲಾರಿ ತೆಗೀಬೇಕಂತೆ ಅಂತ," ಎಂದರು ರಾಮಚಂದ್ರಪ್ಪ.

"ಸಣ್ಣ ಸಾವ್ಕಾರ್ರ, ಲಾರಿ ತೆಗೀಬೇಕಂತರೀ," ಎಂದ ಈರಣ್ಣ.

"ಹತ್ತು ನಿಮಿಷ ಅಂತ ಹೇಳಪ್ಪ ಅವ್ರಿಗೆ," ಎಂದ ಲೋಕೇಶ.

"ದೊಡ್ಡ ಸಾವ್ಕಾರ್ರ, ಹತ್ತ ನಿಮಿಷ ಅಂತರೀ."

ನಾನು ಕಣ್ ಕಣ್ ಬಿಟ್ಟೆ. ಅಪ್ಪನ ಹೆಸರಿನ ಬೋರ್ಡು ಯಾರ ಶೆಡ್ಡಿನ ಮೇಲೆ ಇರಬೇಕು ಎಂದು ಶುರುವಾದ ಜಗಳವಂತೆ. ವರ್ಷಗಳಾಗಿದ್ದವು. ಬೋರ್ಡು ಕೊನೆಗೆ ಯಾರ ಶೆಡ್ಡಿನ ಮೇಲೂ ಇರದೆ ತೊಟ್ಟಿಯ ಪಕ್ಕ ಗೋಡೆಗೆ ಒರಗಿ ನಿಂತಿತ್ತು.

ಆಫೀಸಿಗೆ ಬಂದು ಇದನ್ನೆಲ್ಲ ಹೇಳಿದರೆ ವೆಂಕಟ್‌ಗೆ ಬಹಳ ಖುಷಿ. ನಮ್ಮ ಕೆಲಸದಲ್ಲಿ ಒಂದು ಷರತ್ತು ಇದೆ. ಮೂವರಲ್ಲಿ ಇಬ್ಬರು ಒಳಗೊಳಗೇ ಕೈ ಜೋಡಿಸಿದರೆ, ತಮ್ಮಿಬ್ಬರ ನಂಬರನ್ನು ಒಟ್ಟಿನಿಂದ ಕಳೆದು ಮೂರನೆಯವರ ಗುಟ್ಟನ್ನು ಹಿಡಿಯಬಹುದು. ಆದ್ದರಿಂದ ಯಾವ ಇಬ್ಬರೂ ಕೈ ಜೋಡಿಸುವುದಿಲ್ಲ ಎಂದು ಯಾಕೆ ನಂಬಿದ್ದೇವೆ ಅನ್ನುವುದನ್ನು ಮೊದಲೇ ಬರೆದಿಡಬೇಕು. "ಬರೀರಿ ಶ್ಯಾಮಲಾ, ಅಣ್ಣ ತಮ್ಮ ಮಾತಾಡಲ್ಲ ಅಂತ ಬರೀರಿ. ಈರಣ್ಣ ಇಬ್ರಿಗೂ ಬೇಕಾದೋನು, ಒಬ್ರ ಕಡೆ ವಾಲಲ್ಲ. ಅಣ್ಣ ತಮ್ಮಂಗೆ ಅವನ ನಂಬರ್ ತಿಳ್ಕೊಳೋ ಆಸೆ ಇದ್ರೂ ಕೂತು ಮಾತಾಡ್ದೆ ಹೆಂಗೆ ಕಳೀತಾರೆ? ಇದಕ್ಕಿಂತ ಗಟ್ಟಿ ಕಾರಣ ಯಾರಿಗ್ ಸಿಗತ್ತೆ!" ಎಂದರು. ನಾನು ಬರೆದೆ. ಒಂದು ಮನೆಯ ಜಗಳದ ಮೇಲೆ ನಮ್ಮ ಸಾಫ್ಟ್‌ವೇರಿನ ಭದ್ರತೆ ನಿಂತಿತು.

ಒಟ್ಟು ಎಷ್ಟು ಎಂದು ತೋರಿಸದೆ, 'ಹಿಡಿಸುತ್ತದೆ' ಅಥವಾ 'ಹಿಡಿಸುವುದಿಲ್ಲ' ಎಂದು ಮಾತ್ರ ತೋರಿಸಿದರೆ ಗುಟ್ಟು ಇನ್ನೂ ಭದ್ರ ಎಂದು ನಾನು ಹೇಳಿ ನೋಡಿದೆ. ರಾಮಚಂದ್ರಪ್ಪ ಒಪ್ಪಲಿಲ್ಲ. "ಇಡಿಸಲ್ಲ ಅಂದ್ರೆ ಎಷ್ಟು ಮಿಕ್ತು ಅಂತ ಗೊತ್ತಾಗೋದ್ ಬ್ಯಾಡ್ವಾ ಮೇಡಂ? ಒಂದ್ ಡ್ರಮ್ಮೋ, ಒಂದ್ ಕೆರೇನೋ?" ಲೋಕೇಶನೂ ಅದನ್ನೇ ಹೇಳಿದ, ಆದರೆ ಅಣ್ಣ ಹೇಳಿದ್ದಕ್ಕೆ ಅಲ್ಲ ಎಂದು ತೋರಿಸಲು ಆ ಕಡೆ ತಿರುಗಿಕೊಂಡು ಹೇಳಿದ. ಗಿರಾಕಿ ಕೇಳಿದ್ದು ಕೊಡಬೇಕು, ಒಟ್ಟು ತೋರಿಸಿದೆವು.

ತೊಟ್ಟಿಯ ಪಕ್ಕದ ಪಂಪ್ ರೂಮಿನಲ್ಲಿ ಮೂರು ಲ್ಯಾಪ್‌ಟಾಪ್ ಇಟ್ಟೆವು. ಪ್ರತಿ ಶನಿವಾರ ಬೆಳಿಗ್ಗೆ ಮೂವರೂ ಬಂದು ಮುಂದಿನ ವಾರದ ನಂಬರನ್ನು ಡ್ರಮ್ಮಿನ ಲೆಕ್ಕದಲ್ಲಿ ಒತ್ತುವುದು. ಮೊದಲ ಶನಿವಾರವೇ ಮರ್ಯಾದೆ ಹೋಯಿತು. ಒಂದು ಲ್ಯಾಪ್‌ಟಾಪಿನಲ್ಲಿ ಹಳೆಯ ಸಾಫ್ಟ್‌ವೇರ್ ಉಳಿದುಬಿಟ್ಟಿತ್ತು, ಅದಕ್ಕೆ ಮೈನಸ್ ಚಿಹ್ನೆಯ ತುಂಡುಗಳು ಅರ್ಥವಾಗಲಿಲ್ಲ. ಒಟ್ಟು ಎಂದು ಬಂದ ನಂಬರ್ ಪರದೆಯಲ್ಲಿ ಹಿಡಿಸಲಿಲ್ಲ. ಹೆಸರಘಟ್ಟ ಕೆರೆ ತುಂಬಿ ಕೋಡಿ ಬೀಳುವಷ್ಟು ಆಸಿಡ್ ನೀರು!

"ಈರಣ್ಣ, ಆಯಪ್ಪನ್ನ ಕೇಳು, ಅದೇನ್ ಸಮುದ್ರ ತೊಳೀತವ್ನಾ ಅಂತ," ಎಂದರು ದೊಡ್ಡವರು.

"ಅವ್ರನ್ನೇ ಕೇಳಪ್ಪ, ಸೊನ್ನೆ ಎಷ್ಟು ಒತ್ತಿದ್ರು ಅಂತ," ಎಂದ ಚಿಕ್ಕವನು.

ಈರಣ್ಣ ಎರಡನ್ನೂ ನಿಷ್ಠೆಯಿಂದ ಒಪ್ಪಿಸಿದ. ನಾನು ಬೆವರೊರೆಸಿಕೊಳ್ಳುತ್ತ ಹೊಸ ಸಾಫ್ಟ್‌ವೇರ್ ಹಾಕಿದೆ. ಆಮೇಲೆ ಸರಿಹೋಯಿತು. ತಿಂಗಳುಗಟ್ಟಲೆ ಚೆನ್ನಾಗಿ ನಡೆಯಿತು, ತೊಟ್ಟಿ ಒಮ್ಮೆಯೂ ಉಕ್ಕಲಿಲ್ಲ.

ಆ ದಿನಗಳಲ್ಲೇ ಒಮ್ಮೆ ಈರಣ್ಣ ತನ್ನ ಶೆಡ್ಡಿಗೆ ಕರೆದು ಟೀ ತರಿಸಿಕೊಟ್ಟ. ಎಲ್ಲರೂ ಊಟಕ್ಕೆ ಹೋಗಿದ್ದರು. ಅವನು ಮೆಲ್ಲಗೆ, "ಮೇಡಮ್ಮಾರ, ನನ್ನ ನಂಬರ್ ಖರೇನ ಯಾರಿಗೂ ಗೊತ್ತಾಗೂದಿಲ್ಲೇನ್ರೀ?" ಎಂದು ಕೇಳಿದ.

"ಇಲ್ಲ ಈರಣ್ಣ. ಅವರಿಬ್ಬರೂ ಕೂತು ತಮ್ಮ ನಂಬರ್ ಹೇಳಿಕೊಂಡರೆ ಮಾತ್ರ ಗೊತ್ತಾಗತ್ತೆ. ಅವರು ಮಾತಾಡೋವರೆಗೆ ನಿಮ್ಮದು ಭದ್ರ."

ಅವನು ಹೇಳಿಬಿಟ್ಟ. ಅವನ ದೊಡ್ಡ ಗಿರಾಕಿ ಬೇರೆ ಊರಿಗೆ ಕೆಲಸ ವರ್ಗಾಯಿಸಿಕೊಂಡು ಹೋಗಿದ್ದ. ಈಗ ಬರುತ್ತಿದ್ದುದು ಚಿಲ್ಲರೆ ಕೊಕ್ಕೆಗಳು ಮಾತ್ರ. ವಾರಕ್ಕೆ ಅವನು ಬಿಡುತ್ತಿದ್ದ ನೀರು ಇಲ್ಲವೆನ್ನುವಷ್ಟು ಕಡಿಮೆ. "ಈ ಓಣ್ಯಾಗ ಇದು ಗೊತ್ತಾತಂದ್ರ ನನ್ನ ಬಫಿಂಗ್ ಮಂದಿ ನಿಲ್ಲೂದಿಲ್ರೀ. ಅವ್ರಾರ ಏನ್ ಮಾಡ್ತಾರ? ಹೊಟ್ಟಿ ನೋಡ್ಕೋಬೇಕಲ್ಲ. ಬಾಜೂ ಶೆಡ್ಡಿನ್ಯಾಗ ಕೈ ಬೀಸಿ ಕರೀತಾರ, ಹೋಗ್ತಾರ. ಮಂದಿ ಹೋದಮ್ಯಾಲ ದೊಡ್ಡ ಜಾಬ್ ಬಂದ್ರೂ ಮಾಡಾಕ ಯಾರಿರ್ತಾರ? ಹೊಸಾ ಗಿರಾಕಿ ಸಿಗೂತನಾ ಹೆಂಗರ ಮುಚ್ಚಿಟ್ಕೊಂಡು ಹೋಗಬೇಕ್ರೀ. ಇಲ್ಲಾಂದ್ರ ಶೆಡ್ಡ್ ಮುಚ್ಚಿದಂಗ."

ಅಷ್ಟೊಂದು ಜನ ಎಂಜಿನಿಯರುಗಳು ವರ್ಷಾನುಗಟ್ಟಲೆ ತಲೆ ಕೆಡಿಸಿಕೊಂಡು ಆ ಸಾಫ್ಟ್‌ವೇರ್ ಬರೆದದ್ದು, ನಮಗೂ ಸೇರಿ ಯಾರಿಗೂ ಆ ನಂಬರ್ ತಿಳಿಯಬಾರದು ಎಂದು. ಇವನು ಅರ್ಧ ಲೋಟ ಟೀ ಮುಗಿಯುವಷ್ಟರಲ್ಲಿ ಹೇಳಿ ಹಗುರಾದ. ಕೇಳಿಸಿಕೊಂಡವಳು ಭಾರವಾಗಿ ಮೆಟ್ರೊ ಹತ್ತಿದೆ. ಆವತ್ತಿನಿಂದ ಶನಿವಾರ ಬಂತೆಂದರೆ ನನ್ನ ಕಣ್ಣು ಆ ಅಣ್ಣ ತಮ್ಮಂದಿರ ಮೇಲೆ. ಇಬ್ಬರೂ ಮುಖ ಗಂಟು ಹಾಕಿಕೊಂಡಿದ್ದರೆ ನೆಮ್ಮದಿ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತ್ತು. ಒಂದು ದಿನ ರಾಮಚಂದ್ರಪ್ಪನವರ ಫೋನು. "ಮೇಡಂ, ಇರೀರ ಹಬ್ಬ. ಊಟಕ್ ಬರ್ಬೇಕು ನೀವು, ತಪ್ಪಿಸ್ಬ್ಯಾಡಿ." ಸರಿ ಎಂದೆ. ಹಿಂದೆಯೇ ಲೋಕೇಶನ ಫೋನು. "ಮೇಡಂ, ಹಬ್ಬಕ್ಕೆ ಬರ್ತಿದೀರ ತಾನೆ? ಅಣ್ಣನ ಮನೇಲೇ, ಎಲ್ಲಾ ಒಂದೇ ಕಡೆ." ಫೋನು ಕೈಯಲ್ಲೇ ಉಳಿಯಿತು. ಅಣ್ಣ ಅಂದನೇ? 'ಅವ್ರು' ಅಲ್ಲವೇ?

ಹೋಗಿ ನೋಡಿದರೆ ಹಜಾರದಲ್ಲಿ ಯಜಮಾನರ ಫೋಟೊ, ಅದರ ಮುಂದೆ ಹೊಸ ಪಂಚೆ, ಬಾಳೆಲೆಯ ಮೇಲೆ ಒಂದೇ ಎಡೆ. ಅಣ್ಣ ಧೂಪ ಹಾಕುತ್ತಿದ್ದಾರೆ, ತಮ್ಮ ಗಂಟೆ ಹಿಡಿದಿದ್ದಾನೆ. ಊಟಕ್ಕೆ ಕೂತರೆ ಅಕ್ಕಪಕ್ಕ. "ಲೋಕಿ, ಇನ್ನೊಂದ್ ಮುದ್ದೆ ಆಕುಸ್ಕೊಳೋ," ಎಂದು ಅಣ್ಣ, "ನಿಂಗೆ ಬಿಪಿ ಇದೆ, ಉಪ್ಪಿನ್ಕಾಯಿ ಮುಟ್ಬೇಡ," ಎಂದು ತಮ್ಮ. ಮನೆಯವರೆಲ್ಲ ಕಣ್ಣೊರೆಸಿಕೊಂಡು ನಗುತ್ತಿದ್ದರು. ಅಣ್ಣ ತಮ್ಮ ಒಂದಾದದ್ದಕ್ಕೆ ಆ ಮನೆಯಲ್ಲಿ ಎದೆ ಧಸಕ್ಕೆಂದದ್ದು ನನಗೊಬ್ಬಳಿಗೇ. ಛೇ, ಎಂಥ ಕೆಲಸವಪ್ಪ ನಂದು ಎನಿಸಿತು.

ಅವರ ತಾಯಿ ಗೌರಮ್ಮ ನನ್ನ ಪಕ್ಕ ಬಂದು ಕೂತರು. "ಇಷ್ಟ್ ವರ್ಸ ಎರಡ್ ಎಡೆ ಇಕ್ತಿದ್ದೆ ಕಣವ್ವ. ಈ ಮನೇಲಿ ಇಕ್ಕಿ, ಅದೇ ಸಾರ್ನ ಸೆರಗಲ್ ಮುಚ್ಕೊಂಡು ಆ ಮನೇಗ್ ಓಗಿ ಇಕ್ತಿದ್ದೆ. ಎರಡ್ ಕಡೆ ಕರುದ್ರೆ ನಮ್ ಯಜಮಾನ್ರು ಎತ್ತಾಗ್ ಓಗ್ಬೇಕು ಏಳು? ಈ ಸಲ ಈರಣ್ಣನ್ ಕೂರಿಸ್ಕೊಂಡು ಕೇಳ್ದೆ. ನೀನೂ ಅವ್ರ ಕೈಲ್ ಬೆಳೆದೋನು, ಏನಾರ ಮಾಡಪ್ಪ ಅಂದೆ. ಮಾಡ್ದ ಪುಣ್ಯಾತ್ಮ."

ಈರಣ್ಣ! ನಾನು ಎದ್ದು ಅವನನ್ನು ಹುಡುಕಿದೆ. ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ. "ಏನ್ ಮಾಡಿದ್ರಿ ನೀವು?" ಎಂದು ಕೇಳಿದೆ, ಸ್ವಲ್ಪ ಗದರಿದ ಹಾಗೆಯೇ.

"ಏನೂ ಮಾಡಿಲ್ರೀ. ಸುಮ್ಮನಾದೆ," ಎಂದ. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಇನ್ನು ಮುಂದೆ ಒಯ್ಯುವುದಿಲ್ಲ ಎಂದು ಇಬ್ಬರಿಗೂ ಹೇಳಿದನಂತೆ. ಎರಡು ದಿನ ಓಣಿಯಲ್ಲಿ ಒಂದು ಕೆಲಸವೂ ಸರಿಯಾಗಿ ನಡೆಯಲಿಲ್ಲ. ಮೂರನೇ ದಿನ ಲೋಕೇಶ ತನ್ನ ಲಾರಿಯನ್ನು ತಾನೇ ಹಿಂದಕ್ಕೆ ತೆಗೆಯುತ್ತಿದ್ದ, ಹಿಂದೆ ಆಸಿಡ್ ಕ್ಯಾನುಗಳ ಸಾಲು. ರಾಮಚಂದ್ರಪ್ಪ ನೋಡಿ, "ಈರಣ್ಣ, ಹೇಳೋ ಅವ್ನಿಗೆ!" ಎಂದರು. ಈರಣ್ಣ ಲಾರಿಗೂ ಕ್ಯಾನಿಗೂ ಇನ್ನೂ ದೂರವಿದೆ ಎಂದು ಕಣ್ಣಲ್ಲೇ ಅಳೆದು ಬಾಯಿ ಬಿಗಿಹಿಡಿದು ನಿಂತ. ಲಾರಿ ಇನ್ನಷ್ಟು ಹಿಂದೆ ಬಂತು. ಆಗ ದೊಡ್ಡವರು ಓಡಿಬಂದು ಲಾರಿಯ ಬಾಗಿಲು ಬಡಿದು, "ಲೋ ಲೋಕಿ, ಸತ್ತೋಯ್ತೀಯ ಕಣೋ, ನಿಲ್ಸೋ!" ಎಂದು ಕೂಗಿದರು. ಲಾರಿ ನಿಂತಿತು. ಲೋಕೇಶ ಇಳಿದು ಅಣ್ಣನ ಮುಖ ನೋಡಿ ಅಲ್ಲೇ ಅತ್ತನಂತೆ.

"ಈರಣ್ಣ, ನಾನು ನಿಮಗೆ ಹೇಳಿದ್ದೆ. ಅವರು ಮಾತಾಡಿದರೆ ನಿಮ್ಮ ನಂಬರ್ ಗೊತ್ತಾಗತ್ತೆ ಅಂತ. ಮರೆತುಬಿಟ್ರಾ?"

"ಮರ್ತಿಲ್ರೀ."

"ಮತ್ತೆ?"

ಅವನು ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ, "ಊರಿಂದ ಬಂದಾಗ ನನಗ ಮೊದಲ ತುತ್ತು ನೀಡಿದಾಕಿ ಆ ಅವ್ವ ರೀ. ಆಕಿ ಬಾಯಿ ಬಿಟ್ಟು ಕೇಳ್ಯಾಳ. ಆಕಿ ಮುಂದ ನನ್ನ ನಂಬರ್ ಇಟ್ಕೊಂಡು ಏನ್ ಮಾಡ್ಲಿ?" ಎಂದ. ಮತ್ತೆ, "ಹೆದರಿಕಿ ಅಂತೂ ಐತ್ರೀ," ಎಂದ.

ನಮ್ಮ ಕೆಲಸದಲ್ಲಿ ಗುಟ್ಟು ಕದಿಯುವವರ ಬಗ್ಗೆ ಯೋಚಿಸಿದ್ದೆವು, ಸುಳ್ಳು ಹೇಳುವವರ ಬಗ್ಗೆ, ನಡುವೆ ಓಡಿಹೋಗುವವರ ಬಗ್ಗೆಯೂ ಯೋಚಿಸಿದ್ದೆವು. ತನ್ನ ಗುಟ್ಟಿನ ಬೇಲಿಯನ್ನು ತಾನೇ ಕಿತ್ತು ಯಾರದೋ ತಾಯಿಯ ಕೈಗೆ ಕೊಡುವವನು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಮರುದಿನವೇ ವೆಂಕಟ್ ಹತ್ತಿರ ಓಡಿದೆ. "ಸರ್, ಅಣ್ಣ ತಮ್ಮ ಒಂದಾಗಿಬಿಟ್ಟಿದಾರೆ!" ಅವರ ಮುಖ ನಮ್ಮ ಸರ್ವರ್ ಸುಟ್ಟುಹೋದ ದಿನ ಹೇಗಿತ್ತೋ ಹಾಗಾಯಿತು. "ಮತ್ತೆ ಜಗಳ ಆಡೋ ಚಾನ್ಸ್ ಏನಾದ್ರೂ ಇದ್ಯಾ?" ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದರು. ಒಟ್ಟು ತೋರಿಸುವುದನ್ನು ನಿಲ್ಲಿಸೋಣ ಎಂದೆ. ಅದಕ್ಕೆ ಮೂವರೂ ಒಪ್ಪಿ ಸಹಿ ಹಾಕಬೇಕಂತೆ. ಯಾಕೆ ಬದಲಾಯಿಸುತ್ತೀರಿ ಎಂದರೆ ಏನು ಹೇಳಲಿ? ನೀವು ಒಂದಾಗಿದ್ದೀರಿ, ಇನ್ನು ನಿಮ್ಮನ್ನು ನಂಬುವ ಹಾಗಿಲ್ಲ ಎನ್ನಲೇ? ಅದೂ ಅಲ್ಲದೆ ಹಳೆಯ ವಾರಗಳ ಒಟ್ಟು ಇಬ್ಬರಿಗೂ ನೆನಪಿದೆ. ಕೂತು ಕಳೆದರೆ ಮುಗಿಯಿತು. ನಾವು ಕೊಟ್ಟದ್ದನ್ನು ವಾಪಸ್ ಪಡೆಯುವ ಸಾಫ್ಟ್‌ವೇರನ್ನು ಯಾರೂ ಬರೆದಿಲ್ಲ.

ಆ ವಾರವೆಲ್ಲ ನನಗೆ ನಿದ್ದೆ ಇಲ್ಲ. ಶನಿವಾರ ಬೇಗನೇ ಪೀಣ್ಯಕ್ಕೆ ಹೋದೆ. ಓಣಿಗೆ ತಿರುಗಿದರೆ ಈರಣ್ಣನ ಶೆಡ್ಡಿನ ಬಾಗಿಲಲ್ಲಿ ಲೋಕೇಶ ನಿಂತು ಬಫಿಂಗ್‌ನವರ ಜೊತೆ ಮಾತಾಡುತ್ತಿದ್ದಾನೆ. ಅವರೆಲ್ಲ ತಲೆಯಾಡಿಸುತ್ತಿದ್ದಾರೆ. ಈರಣ್ಣ ಅಲ್ಲಿ ಕಾಣಲಿಲ್ಲ. ಆಯಿತು, ಕರೆದುಕೊಂಡು ಹೋಗುತ್ತಿದ್ದಾನೆ, ಈರಣ್ಣನ ಕಥೆ ಮುಗಿಯಿತು ಎಂದುಕೊಂಡೆ. ಕೋಪ ನೆತ್ತಿಗೇರಿತು. ನೆಟ್ಟಗೆ ರಾಮಚಂದ್ರಪ್ಪನವರ ಶೆಡ್ಡಿಗೆ ನುಗ್ಗಿದೆ.

"ಏನ್ ಸಾರ್ ಇದು? ಈರಣ್ಣನ ಜನರನ್ನ ಕರ್ಕೊಂಡು ಹೋಗ್ತಿದೀರಾ? ನಿಮ್ಮನ್ನ ಒಂದು ಮಾಡಿದ್ದು ಅವರು ಸಾರ್!"

ಅವರು ಎದ್ದು ಬಾಗಿಲು ಮುಂದೆ ಮಾಡಿ, ದನಿ ಇಳಿಸಿ ಮಾತಾಡಿದರು.

"ಮೇಡಂ, ಹಬ್ಬದ್ ದಿನ ಊಟ ಆದ್ಮೇಲೆ ನಾನೂ ಲೋಕೀನೂ ಮಾತಾಡ್ತಾ ಆ ವಾರ ನಿಂದೆಷ್ಟು, ನಂದೆಷ್ಟು ಅಂತ ನಂಬರ್ ಹೇಳ್ಕೊಂಡ್ವಿ. ಬೇಕಂತ ಅಲ್ಲ, ಬಾಯ್ಗ್ ಬಂತು. ಕಳುದ್ ನೋಡುದ್ರೆ ಈರಣ್ಣಂದು ಏನೂ ಇಲ್ಲ. ನಮ್ ಮುಂದೆ ದಿನಾ ಮಿಶಿನ್ ಓಡಿಸ್ತಾನೆ, ಒಳಗ್ ಕೆಲ್ಸಾನೇ ಇಲ್ಲ. ನಮ್ಮಪ್ಪ ಇದ್ದಿದ್ರೆ ಸುಮ್ನಿರ್ತಿತ್ತಾ? ಅದುಕ್ಕೇ ಲೋಕಿ ತನ್ನ ಬ್ರಾಕೆಟ್ ಜಾಬ್‌ನಾಗೆ ಅರ್ಧ ಅವ್ನಿಗ್ ಇಳಿಸ್ತಾವ್ನೆ. ನಮ್ ತಾವ ಜಾಗ ಇಲ್ಲ ಕಣಪ್ಪ, ನೀನೇ ಕಾಪಾಡ್ಬೇಕು ಅಂತ ಸುಳ್ ಹೇಳ್ ಕೊಟ್ಟಿದೀವಿ. ಯಂಗ್ ಮಾಡ್ಬೇಕು ಅಂತ ಅವ್ರ್ ಹುಡುಗ್ರಿಗೆ ತೋರಿಸ್ತಾವ್ನೆ ಅಷ್ಟೇ."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ.

"ಒಂದ್ ವಿಚಾರ ಮೇಡಂ," ಎಂದರು ಅವರು ಇನ್ನೂ ಹತ್ತಿರ ಬಂದು. "ನಮ್ಗೆ ಗೊತ್ತಾಗೈತೆ ಅಂತ ಅವ್ನಿಗ್ ಗೊತ್ತಾಗ್ಬಾರ್ದು. ಮಾನ ಇರೋ ಮನ್ಸ, ಗೊತ್ತಾದ್ರೆ ಕೆಲ್ಸ ಮುಟ್ಟಲ್ಲ. ಅದಕ್ಕೇನಾರ ನಿಮ್ ಸಾಫ್ಟ್‌ವೇರಲ್ಲಿ ದಾರಿ ಐತಾ?"

"ಇಲ್ಲ ಸಾರ್."

"ಅಂಗಾದ್ರೆ ನೀವ್ ಬಾಯ್ಬಿಡ್ಬ್ಯಾಡಿ."

ಹೊರಗೆ ಬಂದು ತೊಟ್ಟಿಯ ಕಡೆ ನಡೆದೆ. ಈರಣ್ಣ ಬ್ರಾಕೆಟ್ಟಿನ ಟ್ರೇ ಹೊತ್ತು ಎದುರಾದ. ಟ್ರೇ ಇಳಿಸಿ, ಸುತ್ತ ನೋಡಿ, "ಮೇಡಮ್ಮಾರ, ನಿಮಗೊಂದ್ ಮಾತ ಹೇಳಬೇಕಿತ್ತು. ಅವರಿಗೆ ನನ್ನ ನಂಬರ್ ಗೊತ್ತಾಗೇತ್ರೀ," ಎಂದ.

"ನಿಮಗೆ ಹೇಗೆ ಗೊತ್ತು?"

"ಲೋಕೇಶ ಸಾವ್ಕಾರ್ರ ಶೆಡ್ಡಿನ್ಯಾಗ ಅರ್ಧ ಜಾಗ ಖಾಲಿ ಬಿದ್ದೈತ್ರೀ. ಜಾಗ ಇಲ್ಲ ಅಂತ ನನಗ ಹೇಳ್ಯಾರ." ಅವನು ಟ್ರೇಯಿಂದ ಒಂದು ಬ್ರಾಕೆಟ್ ಎತ್ತಿ ಟವೆಲ್ಲಿನಿಂದ ಒರೆಸಿದ. "ನನಗ ತಿಳದೈತಿ ಅಂತ ಅವರಿಗೆ ಹೇಳಬ್ಯಾಡ್ರೀ. ಇಷ್ಟ ಚಂದಾಗಿ ಸುಳ್ಳ ಹೇಳ್ಯಾರ, ಮನಸ್ಸಿಗೆ ಬ್ಯಾಸರ ಮಾಡ್ಕೋತಾರ."

ಅಷ್ಟರಲ್ಲಿ ರಾಮಚಂದ್ರಪ್ಪ, "ಟೈಮಾಯ್ತು ಬರ್ರಪ್ಪ," ಎಂದು ಕೂಗಿದರು. ಲೋಕೇಶ ಬಂದ, ಈರಣ್ಣ ಬಂದ. ನಾಲ್ವರೂ ಆ ಇಕ್ಕಟ್ಟಾದ ಪಂಪ್ ರೂಮಿಗೆ ಹೋದೆವು. ಮೂವರೂ ತಂತಮ್ಮ ಲ್ಯಾಪ್‌ಟಾಪಿನ ಮುಂದೆ ಕೂತು, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣದ ಹಾಗೆ ಎಡಗೈ ಅಡ್ಡ ಹಿಡಿದುಕೊಂಡರು. "ಮೇಡಂ, ನೀವೂ ನೋಡಂಗಿಲ್ಲ," ಎಂದ ಲೋಕೇಶ. "ಹೌದ್ರೀ, ರೂಲ್ ಅಂದ್ರ ರೂಲ್," ಎಂದ ಈರಣ್ಣ.

ನಾನು ಗೋಡೆಯ ಕಡೆ ತಿರುಗಿ ನಿಂತೆ. ನನ್ನ ಮುಖ ಅವರಲ್ಲಿ ಯಾರಿಗೂ ಕಾಣುವುದು ನನಗೂ ಬೇಕಿರಲಿಲ್ಲ.